ವಾಸನೆ ಟಿವಿಯಲ್ಲಿ ಬರುವುದಿಲ್ಲ

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಹಾಲ್‌ನಲ್ಲಿ ಈಗ ಮೂರು ಪರದೆಗಳಿವೆ. ಗೋಡೆಯ ಮೇಲಿನ ಟಿವಿ ಒಂದು. ಅದರ ಕೆಳಗಿನ ಮೇಜಿನ ಮೇಲೆ ಬಿಪಿ ನೋಡುವ ಯಂತ್ರ. ಮೂರನೆಯದು ಕಿಟಕಿಯ ಗ್ರಿಲ್‌ಗೆ ತಂತಿ ಸುತ್ತಿ ಬಿಗಿದ ಪ್ಲಾಸ್ಟಿಕ್ ಡಬ್ಬಿಯ ಮೇಲಿರುವ, ಹೆಬ್ಬೆರಳಿನಷ್ಟು ಅಗಲದ್ದು. ಟಿವಿ ಕೊಂಡವಳು ಮಗಳು, ಯಂತ್ರ ಕೊಳ್ಳಿಸಿದವರು ಡಾಕ್ಟರು, ಗಾಳಿಯ ಧೂಳು ಅಳೆಯುವ ಡಬ್ಬಿ ಮಾತ್ರ ನಾನೇ ಕೂತು ಮಾಡಿದ್ದು. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ದಿನದ ಹೆಚ್ಚಿನ ಹೊತ್ತು ಇವುಗಳ ನಡುವೆಯೇ ಕಳೆಯುತ್ತದೆ. ಮೂರರಲ್ಲಿ ಒಂದನ್ನಾದರೂ ಗುಜರಿಗೆ ಹಾಕಿದರೆ ಮನೆಗೆ ಶಾಂತಿ ಎಂದು ಹೆಂಡತಿಯ ಅಭಿಪ್ರಾಯ. ಯಾವುದನ್ನು ಎಂಬುದು ಮಾತ್ರ ದಿನಕ್ಕೊಂದು ಬದಲಾಗುತ್ತದೆ.

ಹಿರಿತನ ಟಿವಿಯದ್ದು. ಮುಂಬಯಿ ದೂರದರ್ಶನ ಶುರುವಾದದ್ದು 1972ರ ಅಕ್ಟೋಬರ್ 2ರಂದು. ನಾನು ಕುಂದಾಪುರದ ಕಡೆಯಿಂದ ಇಲ್ಲಿಗೆ ಬರುವ ಹೊತ್ತಿಗೆ ನಮ್ಮ ಚಾಳಿನಲ್ಲಿ ಒಂದೇ ಒಂದು ಮನೆಯಲ್ಲಿ ಟಿವಿ ಇತ್ತು, ಅದರಲ್ಲಿ ಮರಾಠಿ, ಹಿಂದಿ, ಗುಜರಾತಿ. ಕನ್ನಡ ಬೇಕೆಂದರೆ ಮಾಟುಂಗಕ್ಕೆ ಹೋಗಬೇಕು. ಮೈಸೂರು ಅಸೋಸಿಯೇಷನ್‌ನಲ್ಲೋ ಕರ್ನಾಟಕ ಸಂಘದಲ್ಲೋ ನಾಟಕ ಇದ್ದರೆ ನೋಡಿ, ಉಡುಪಿ ಹೋಟೆಲಿನಲ್ಲಿ ಕಾಫಿ ಕುಡಿದು, ಕೊನೆಯ ಲೋಕಲ್ ತಪ್ಪದ ಹಾಗೆ ಓಡುವುದು.

1994ರಲ್ಲಿ ಉದಯ ಟಿವಿ ಬಂತು. ಬಂತು ಎಂದರೆ ಕರ್ನಾಟಕಕ್ಕೆ ಬಂತು. ಡೊಂಬಿವಲಿಗೆ ಬರಬೇಕಾದರೆ ಕೇಬಲ್‌ನವನ ಮನಸ್ಸು ಕರಗಬೇಕಿತ್ತು. ಅವನ ತಂತಿಯಲ್ಲಿ ಹಿಡಿಸುವ ಚಾನೆಲ್‌ಗಳಿಗೆ ಮಿತಿ. ಹೊಸದೊಂದು ಹಾಕಿದರೆ ಹಳೆಯದೊಂದು ಹೋಗಬೇಕು. ಓಣಿಯ ಕನ್ನಡದವರೆಲ್ಲ, ಅಂದರೆ ನಾವು ಕರಾವಳಿಯವರು, ಧಾರವಾಡದವರು, ವಿಜಾಪುರದ ಒಂದು ಮನೆ, ಸಹಿ ಹಾಕಿದ ಕಾಗದ ಒಯ್ದು ಕೊಟ್ಟೆವು. ಅವನು ಒಂದು ಸಿನಿಮಾ ಚಾನೆಲ್ ತೆಗೆದು ನಮ್ಮದನ್ನು ಹಾಕಿದ. ಓಣಿಯ ಉಳಿದವರು ಕೆಲವು ದಿನ ನಮ್ಮ ಮುಖ ನೋಡಲಿಲ್ಲ. ಆದರೂ ಆಗ ಕೇಳುವುದಕ್ಕೆ ಒಬ್ಬ ಮನುಷ್ಯ ಇದ್ದ. ತಿಂಗಳ ಮೊದಲ ವಾರ ಮೆಟ್ಟಿಲು ಹತ್ತಿ ಬರುತ್ತಿದ್ದ, ಬೈಸಿಕೊಳ್ಳುತ್ತಿದ್ದ, ನೀರು ಕೇಳಿ ಕುಡಿದು ದುಡ್ಡು ತೆಗೆದುಕೊಂಡು ಹೋಗುತ್ತಿದ್ದ.

ಈಗ ಸೆಟ್ ಟಾಪ್ ಬಾಕ್ಸು. 2019ರ ಫೆಬ್ರವರಿಯಲ್ಲಿ ಟಿವಿ ದರದ ನಿಯಂತ್ರಕ ಟ್ರಾಯ್‌ನ ನಿಯಮ ಬದಲಾಗಿ, ಆಗ ನೂರು ಚಾನೆಲ್‌ಗೆ 130 ರೂಪಾಯಿ, ಮೇಲೆ ತೆರಿಗೆ, ದುಡ್ಡಿನ ಚಾನೆಲ್‌ಗಳಿಗೆ ಬೇರೆ ಲೆಕ್ಕ ಎಂದಾಯಿತು. ಕನ್ನಡ ಬೇಕೆಂದರೆ ಮೊಬೈಲಿನಲ್ಲಿ ಒತ್ತಿದರೆ ಸಾಕು, ಯಾರ ಸಹಿಯೂ ಬೇಡ. ಸುಲಭವಾಯಿತು, ಸುಳ್ಳು ಹೇಳಬಾರದು. ಸಿಗ್ನಲ್ ಹೋದ ದಿನ ಮಾತ್ರ ಫೋನಿನೊಳಗಿನ ಹೆಂಗಸು ಒಂದು ಒತ್ತಿ, ಎರಡು ಒತ್ತಿ ಎನ್ನುತ್ತಾಳೆ; ಅವಳನ್ನು ಬೈದರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಎರಡು ಭಾಷೆಯ ನ್ಯೂಸ್ ನೋಡುವುದು ಹೊರನಾಡಿನವನ ಪುಣ್ಯವೋ ಕರ್ಮವೋ ತಿಳಿಯದು. 2022ರ ಡಿಸೆಂಬರಿನಲ್ಲಿ ಬೆಳಗಾವಿಯ ಗಲಾಟೆ ಮತ್ತೆ ಎದ್ದಾಗ ಕನ್ನಡ ಚಾನೆಲ್‌ನಲ್ಲಿ ಪುಣೆಯಲ್ಲಿ ಮಸಿ ಬಳಿಸಿಕೊಂಡ ಕರ್ನಾಟಕದ ಬಸ್ಸು, ಮರಾಠಿಯಲ್ಲಿ ಬೆಳಗಾವಿಯ ಹತ್ತಿರ ಕಲ್ಲು ತಿಂದ ಮಹಾರಾಷ್ಟ್ರದ ಲಾರಿ. ಎರಡೂ ನಡೆದದ್ದೇ. ಆದರೆ ಒಂದನ್ನು ನೋಡಿದವನಿಗೆ ಇನ್ನೊಂದು ಕಾಣದ ಹಾಗೆ ಇಡೀ ಸಂಜೆ ಒಂದೇ ತುಣುಕನ್ನು ತಿರುಗಿಸಿ ತಿರುಗಿಸಿ ಹಾಕುತ್ತಿದ್ದರು. ಊರಿನಿಂದ ಅಕ್ಕನ ಫೋನು: "ಅಲ್ಲಿ ಭಾರೀ ಗಲಾಟೆ ಅಂಬ್ರ್, ಹೊರ್ಗ್ ಹೋಯ್ಬೇಡ ಮಾರಾಯ." ನಾನು ಆಗ ತಾನೇ ಸ್ಟೇಷನ್ ಹತ್ತಿರ ತರಕಾರಿ ಕೊಂಡು, ಮೆಂತೆಸೊಪ್ಪಿಗೆ ಚೌಕಾಶಿ ಮಾಡಿ ಬಂದಿದ್ದೆ. ಎದುರು ಮನೆಯ ಮರಾಠಿ ಕಾಕಾ ಅವತ್ತು ನಮ್ಮ ಸೋಫಾದಲ್ಲಿ ಕೂತು, ನಿಮ್ಮವರು ಏನು ಹೇಳುತ್ತಾರೆ ಹಾಕಿ ನೋಡೋಣ ಎಂದರು. ಹಾಕಿದೆ. ಭಾಷೆ ಬಾರದಿದ್ದರೂ ಅವರಿಗೆ ಏನೂ ಕಷ್ಟವಾಗಲಿಲ್ಲ. ಅದೇ ಕೆಂಪು ಪಟ್ಟಿ, ಅದೇ ಡಂಡಂ ಸದ್ದು, ಆರು ಕಿಟಕಿಯಲ್ಲಿ ಆರು ಜನ. ಚಹಾ ಮುಗಿಸಿ, "ಸೇಮ್ ಆಹೇ" ಎಂದು ಎದ್ದು ಹೋದರು.

ಬಿಪಿಯ ಕಥೆ ಬಂದದ್ದೂ ಈ ಸೋಫಾದ ಮೇಲೆಯೇ. ವರ್ಷಕ್ಕೊಮ್ಮೆಯ ತಪಾಸಣೆಯಲ್ಲಿ ಡಾಕ್ಟರು ಪಟ್ಟಿ ಕಟ್ಟಿ ನೋಡಿ ಹುಬ್ಬೇರಿಸಿದರು. ತಕ್ಷಣ ಮಾತ್ರೆ ಬರೆಯಲಿಲ್ಲ, ಆ ಮಟ್ಟಿಗೆ ಹಳೆಯ ಕಾಲದ ಮನುಷ್ಯ. ಆಸ್ಪತ್ರೆಯ ವಾಸನೆಗೆ, ಡಾಕ್ಟರ ಮುಖಕ್ಕೇ ಕೆಲವರ ಬಿಪಿ ಏರುತ್ತದೆ, ಮನೆಯಲ್ಲಿ ಒಂದು ವಾರ ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ ನೋಡಿ ಬರೆದು ತನ್ನಿ, ಮೊದಲ ದಿನದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದರು.

ಯಂತ್ರ ತಂದಾಗ ನನಗೆ ಅದರ ಹೊಟ್ಟೆಯೊಳಗೇನು ನಡೆಯುತ್ತದೆ ಎಂಬ ಕುತೂಹಲ. ಡಾಕ್ಟರು ಸ್ಟೆತೊಸ್ಕೋಪಿಟ್ಟು ಕೇಳುವುದು 1905ರಲ್ಲಿ ರಷ್ಯಾದ ಕೊರೊಟ್ಕಾಫ್ ತೋರಿಸಿಕೊಟ್ಟ ಸದ್ದು: ಬಿಗಿದ ಪಟ್ಟಿ ಸಡಿಲವಾಗುತ್ತಾ ರಕ್ತ ಮತ್ತೆ ನುಗ್ಗುವಾಗ ಕೇಳುವ ಟಕ್ ಟಕ್. ಮನೆಯ ಯಂತ್ರಕ್ಕೆ ಕಿವಿ ಇಲ್ಲ. ಪಟ್ಟಿಯೊಳಗಿನ ಗಾಳಿಯಲ್ಲಿ ನಾಡಿ ಎಬ್ಬಿಸುವ ಸಣ್ಣ ಅದುರನ್ನು ಅದು ಹಿಡಿಯುತ್ತದೆ. ಅದುರು ಅತಿ ಜೋರಾಗುವ ಜಾಗವೇ ಸರಾಸರಿ ಒತ್ತಡ. ಪರದೆಯ ಮೇಲೆ ನಾವು ಓದುವ ಮೇಲಿನ ಅಂಕಿ, ಕೆಳಗಿನ ಅಂಕಿ ಎರಡೂ ಅಲ್ಲಿಂದ ಲೆಕ್ಕ ಹಾಕಿ ತೆಗೆದವು, ಆ ಲೆಕ್ಕದ ಸೂತ್ರ ಆಯಾ ಕಂಪನಿಯ ಗುಟ್ಟು. ಬ್ಯಾಂಕಿನಲ್ಲಿ ಲೆಜರ್ ನೋಡಿದವನಿಗೆ ಇದು ಅಷ್ಟು ಸಮಾಧಾನದ ಸಂಗತಿಯಲ್ಲ. ಮೊತ್ತ ಕೊಡುತ್ತಾರೆ, ಹೇಗೆ ಕೂಡಿಸಿದೆವು ಹೇಳುವುದಿಲ್ಲ!

ನೋಡುವುದಕ್ಕೂ ಶಿಸ್ತು ಬೇಕು. ಐದು ನಿಮಿಷ ಸುಮ್ಮನೆ ಕೂತಿರಬೇಕು, ಬೆನ್ನಿಗೆ ಆಧಾರ, ಪಾದ ನೆಲದ ಮೇಲೆ, ಕಾಲ ಮೇಲೆ ಕಾಲು ಹಾಕಬಾರದು, ತೋಳು ಎದೆಯ ಮಟ್ಟದಲ್ಲಿ, ಮೂತ್ರ ಕಟ್ಟಿಕೊಂಡಿರಬಾರದು, ಮಾತಾಡಬಾರದು. ಕೊನೆಯದು ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಕಷ್ಟದ್ದು. ಒಂದು ರಾತ್ರಿ ಒಂಬತ್ತರ ಚರ್ಚೆಯ ನಡುವೆಯೇ ಪಟ್ಟಿ ಕಟ್ಟಿಕೊಂಡೆ. ಬೆಳಗಿನ ಅಂಕಿಗಿಂತ ಸಾಕಷ್ಟು ಮೇಲಿತ್ತು. ಮರುದಿನವೂ ಹಾಗೇ. ಇದನ್ನೇ ಪುರಾವೆ ಎನ್ನಲಾರೆ, ಯಾಕೆಂದರೆ ಟಿವಿಯವನಿಗೆ ಉತ್ತರ ಕೊಡುತ್ತಾ ನಾನೂ ಮಾತಾಡುತ್ತಿದ್ದೆ. ಪುಸ್ತಕ ನೋಡಿ ಡಾಕ್ಟರು ಕೇಳಿದರು: "ಈ ರಾತ್ರಿ ಒಂಬತ್ತೂಕಾಲರ ಅಂಕಿ ಏನು ರಾಯರೇ?" ಹೇಳಿದೆ. "ಟಿವಿ ಬಂದ್ ಅಂತ ಚೀಟಿಯಲ್ಲಿ ಬರೆಯಬೇಕಾ, ಬಾಯಲ್ಲಿ ಹೇಳಿದರೆ ಸಾಕಾ?" ಎಂದು ನಕ್ಕು, ಉಪ್ಪಿನಕಾಯಿ, ಹಪ್ಪಳದ ಮೇಲೂ ಕೆಂಪು ಗೆರೆ ಎಳೆದರು. ದಿನಕ್ಕೆ ಒಬ್ಬರಿಗೆ ಒಟ್ಟು 5 ಗ್ರಾಂ ಉಪ್ಪಿನೊಳಗೆ ಇರಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಟ್ಟಸವಾಗಿ ತುಂಬಿದ ಒಂದು ಚಿಕ್ಕ ಚಮಚ. ಕುಂದಾಪುರದ ಮಾವಿನ ಮಿಡಿ ಈ ಲೆಕ್ಕಕ್ಕೆ ಬಗ್ಗುವ ವಸ್ತುವಲ್ಲ.

ಇನ್ನು ಡಬ್ಬಿ. ಇದನ್ನು ಮಾಡಿದ್ದು ಹವ್ಯಾಸಕ್ಕೆ, ಸಮಾಜಸೇವೆಗೆ ಅಲ್ಲ. ಚಿಕ್ಕಂದಿನಲ್ಲಿ ರೇಡಿಯೋ ಬಿಚ್ಚಿ ಅಪ್ಪನ ಕೈಯಲ್ಲಿ ಪೆಟ್ಟು ತಿಂದವನು, ಅರುವತ್ತು ದಾಟಿದ ಮೇಲೆ ಬಿಚ್ಚಲು ಯಾರ ಅಪ್ಪಣೆಯೂ ಬೇಕಿಲ್ಲ. ದಾದರ್‌ನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿಗೆ ಹೋದರೆ ಲ್ಯಾಮಿಂಗ್ಟನ್ ರೋಡು, ಫಲಕದಲ್ಲಿ ಡಾ. ಭಡಕಮಕರ್ ಮಾರ್ಗ ಅಂತಿದ್ದರೂ ಟ್ಯಾಕ್ಸಿ, ಹಮಾಲಿ ಯಾರೂ ಹಾಗೆ ಕರೆಯುವುದಿಲ್ಲ. ಒಬ್ಬರು ಅಡ್ಡ ನಿಂತರೆ ಇನ್ನೊಬ್ಬರು ಹೋಗಲಾಗದಷ್ಟು ಸಣ್ಣ ಅಂಗಡಿಗಳು, ಗೋಡೆ ತುಂಬ ಖಾನೆಗಳು, ಕೇಳಿದ ರೆಸಿಸ್ಟರನ್ನು ಕಣ್ಣು ಮುಚ್ಚಿ ತೆಗೆದುಕೊಡುವ ಹುಡುಗರು. ಅಲ್ಲಿಂದ ಇಎಸ್‌ಪಿ 32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ಎಸ್‌ಡಿಎಸ್ 011 ಎಂಬ ಧೂಳಿನ ಸೆನ್ಸರು, ತೇವಾಂಶ ನೋಡುವ ಚಿಕ್ಕ ಚಿಪ್, ಪುಟ್ಟ ಪರದೆ ತಂದೆ.

ಸೆನ್ಸರಿನ ಒಳಗೆ ಒಂದು ಫ್ಯಾನು ಗಾಳಿ ಎಳೆಯುತ್ತದೆ. ಆ ಗಾಳಿಗೆ ಲೇಸರ್ ಬೆಳಕು ಬೀಳುತ್ತದೆ, ಧೂಳಿನ ಕಣಕ್ಕೆ ತಾಗಿ ಚದುರಿದ ಬೆಳಕನ್ನು ಒಂದು ಕಣ್ಣು ಹಿಡಿಯುತ್ತದೆ. ಸೆಕೆಂಡಿಗೊಮ್ಮೆ ಹತ್ತು ಬೈಟಿನ ಸಾಲೊಂದು ತಂತಿಯಲ್ಲಿ ಬರುತ್ತದೆ: ಮೊದಲನೆಯದು ಎಎ, ಕೊನೆಯದು ಎಬಿ, ನಡುವೆ ಪಿಎಂ 2.5, ಪಿಎಂ 10 (2.5 ಮತ್ತು 10 ಮೈಕ್ರಾನಿಗಿಂತ ಸಣ್ಣ ಧೂಳಿನ ಪ್ರಮಾಣ) ಮತ್ತು ಕೂಡಿಸಿ ತಾಳೆ ನೋಡಲು ಒಂದು ಮೊತ್ತ. ಆ ತಾಳೆಯ ಬೈಟನ್ನು ನೋಡಿದಾಗ ಸಂತೋಷವಾಯಿತು, ದಿನದ ಕೊನೆಗೆ ಕ್ಯಾಶ್ ಹೊಂದಿದಷ್ಟೇ. ಒಳಗಿನ ಲೇಸರಿಗೆ ಎಂಟು ಸಾವಿರ ಗಂಟೆಯ ಆಯುಷ್ಯ ಎಂದು ತಯಾರಕರ ಕಾಗದ ಹೇಳುತ್ತದೆ. ಬಿಡದೆ ಓಡಿಸಿದರೆ ಒಂದು ವರ್ಷವೂ ಬಾರದು. ಹಾಗಾಗಿ ಅದನ್ನು ಮಲಗಿಸಿ, ಆಗಾಗ ಎಬ್ಬಿಸಿ, ಅರ್ಧ ನಿಮಿಷ ಉಸಿರಾಡಲು ಬಿಟ್ಟು ಆಮೇಲೆ ಅಂಕಿ ಕೇಳುವ ಹಾಗೆ ಕೋಡ್ ಬರೆದೆ.

ಅದೇ ಕಾಗದದ ಇನ್ನೊಂದು ಸಾಲು ನಗು ತರಿಸುತ್ತದೆ: ಕೆಲಸ ಮಾಡುವ ತೇವಾಂಶ, ಗರಿಷ್ಠ ಶೇ. 70. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಹಪ್ಪಳ ಕೂಡ ಡಬ್ಬದಿಂದ ತೆಗೆದ ಹತ್ತು ನಿಮಿಷಕ್ಕೆ ಮೆತ್ತಗಾಗುತ್ತದೆ, ಶೇ. 70 ಎಲ್ಲಿಂದ ತರೋಣ? ತೇವ ಹೆಚ್ಚಾದಾಗ ಧೂಳಿನ ಕಣ ನೀರು ಕುಡಿದು ಉಬ್ಬುತ್ತದೆ, ಉಬ್ಬಿದ ಕಣ ಹೆಚ್ಚು ಬೆಳಕು ಚದುರಿಸುತ್ತದೆ, ಪರದೆಯ ಮೇಲೆ ಅಂಕಿ ಏರುತ್ತದೆ. ಗಾಳಿ ಕೆಟ್ಟಿರುವುದಿಲ್ಲ, ಒದ್ದೆಯಾಗಿರುತ್ತದೆ ಅಷ್ಟೆ. ಸರ್ಕಾರಿ ಕೇಂದ್ರಗಳ ಯಂತ್ರಗಳಲ್ಲಿ ಒಳಗೆ ಬರುವ ಗಾಳಿಯನ್ನು ಬಿಸಿಮಾಡಿ ಒಣಗಿಸುವ ಏರ್ಪಾಡು ಇರುತ್ತದೆ. ನನ್ನ ಡಬ್ಬಿಯಲ್ಲಿ ತೇವಾಂಶ ನೋಡಿ ಅಂಕಿಯನ್ನು ಕಡಿತ ಮಾಡುವ ಒಂದು ಸೂತ್ರ ಹಾಕಿದ್ದೇನೆ. ಕಲ್ಯಾಣದ ಖಡಕ್‌ಪಾಡಾದ ಸರ್ಕಾರಿ ಕೇಂದ್ರದ ಅಂಕಿಯ ಜೊತೆ ಹೋಲಿಸಿ ನೋಡುತ್ತೇನೆ. ಜಾಗ ಬೇರೆ, ಅಂಕಿ ಬೇರೆ, ಆದರೆ ಏರಿಳಿತ ಜೊತೆಜೊತೆಗೆ ಹೋದರೆ ನನಗೆ ಸಾಕು.

ಚಳಿಗಾಲ ಇದರ ಹಬ್ಬ. ಡಿಸೆಂಬರ್, ಜನವರಿಯ ಬೆಳಗಿನಲ್ಲಿ ನೆಲದ ಹತ್ತಿರದ ತಣ್ಣನೆ ಗಾಳಿ ಮೇಲೇಳದೆ ಕೂತುಬಿಡುತ್ತದೆ, ಕಿಟಕಿಯಿಂದ ದಿನವೂ ಕಾಣುವ ಮಲಂಗಗಡದ ಗುಡ್ಡ ಮಾಯವಾಗುತ್ತದೆ, ಡಬ್ಬಿಯ ಅಂಕಿ ನೂರು ದಾಟುತ್ತದೆ. ನಮ್ಮ ದೇಶದ ಮಾನದಂಡದಲ್ಲಿ ಪಿಎಂ 2.5ಕ್ಕೆ 24 ಗಂಟೆಯ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಈ ಎರಡರ ನಡುವೆ ಎಷ್ಟೋ ಕೆಮ್ಮು ಅಡಗಿದೆ. 2023ರ ಚಳಿಗೆ ಮುಂಚೆ ಬಾಂಬೆ ಹೈಕೋರ್ಟು ತಾನಾಗಿಯೇ ಗಾಳಿಯ ವಿಷಯ ಕೈಗೆತ್ತಿಕೊಂಡಾಗ, ಮುಂಬಯಿ ಪಾಲಿಕೆ ಒಂದು ಎಕರೆಗಿಂತ ದೊಡ್ಡ ಕಟ್ಟಡದ ಕೆಲಸಕ್ಕೆ 35 ಅಡಿ ಎತ್ತರದ ತಗಡಿನ ಗೋಡೆ ಕಡ್ಡಾಯ ಮಾಡಿದಾಗ, ಟಿವಿಯಲ್ಲಿ ಕೆಲವು ದಿನ ಹೊಗೆಯ ಚಿತ್ರ ಬಂತು. ಹೊಗೆ ಕಾಣುತ್ತದಲ್ಲ, ಹಾಗಾಗಿ.

ನಮ್ಮ ಡೊಂಬಿವಲಿಯ ಸಂಕಟ ಕಾಣುವಂಥದ್ದಲ್ಲ. ಪೂರ್ವಕ್ಕೆ ಎಂಐಡಿಸಿ, ಅಂದರೆ ರಾಜ್ಯ ಸರ್ಕಾರದ ಕೈಗಾರಿಕಾ ಪ್ರದೇಶ, ಬಣ್ಣ ಮತ್ತು ರಾಸಾಯನಿಕದ ಕಾರ್ಖಾನೆಗಳು. ರಾತ್ರಿ ಎಷ್ಟೋ ಹೊತ್ತಿಗೆ ಗಾಳಿ ಈ ಕಡೆ ತಿರುಗಿದರೆ ಒಂದು ವಾಸನೆ ಬರುತ್ತದೆ. ಕೆಲವೊಮ್ಮೆ ಕೊಳೆತ ಮೊಟ್ಟೆ, ಕೆಲವೊಮ್ಮೆ ಹುಳಿ, ಕೆಲವೊಮ್ಮೆ ಹೆಸರೇ ಸಿಗದ, ಗಂಟಲಿನಲ್ಲಿ ಕೂರುವ ಏನೋ ಒಂದು. ಹೆಂಡತಿ ಎದ್ದು ಕಿಟಕಿ ಹಾಕಿ, "ರೀ, ನಿಮ್ಮ ಡಬ್ಬಿ ಏನು ಹೇಳ್ತದೆ ನೋಡಿ" ಎನ್ನುತ್ತಾಳೆ. ನೋಡುತ್ತೇನೆ. ಡಬ್ಬಿ 38 ಎನ್ನುತ್ತದೆ. ಸಮಾಧಾನಕರ! ಅದು ಕಣ ಎಣಿಸುವ ಯಂತ್ರ, ಅನಿಲ ಅದಕ್ಕೆ ಲೆಕ್ಕಕ್ಕಿಲ್ಲ. ಬೆಳಕನ್ನು ಚದುರಿಸದ ವಸ್ತು ಅದರ ಪಾಲಿಗೆ ಇಲ್ಲವೇ ಇಲ್ಲ.

ಟಿವಿಗೂ ಇದೇ ರೋಗ. 2014ರ ಜನವರಿಯಲ್ಲಿ ಇಲ್ಲಿ ಹಸಿರು ಮಳೆ ಬಿತ್ತು, ಕ್ಯಾಮೆರಾದವರು ಬಂದರು. 2020ರ ಫೆಬ್ರವರಿಯಲ್ಲಿ ಎಂಐಡಿಸಿಯ ರಸ್ತೆ ಗುಲಾಬಿಯಾಯಿತು, ಮತ್ತೆ ಬಂದರು, ಮುಖ್ಯಮಂತ್ರಿಯೂ ಬಂದರು. 2016ರ ಮೇ ತಿಂಗಳಲ್ಲಿ ಒಂದು ಕಾರ್ಖಾನೆ, 2024ರ ಮೇ ತಿಂಗಳಲ್ಲಿ ಇನ್ನೊಂದು ಕಾರ್ಖಾನೆ ಸ್ಫೋಟಗೊಂಡು ಜನ ಸತ್ತರು. ದೂರದ ಕಟ್ಟಡಗಳ ಗಾಜು ಒಡೆದವು, ಆ ದಿನ ಡೊಂಬಿವಲಿ ಎಲ್ಲ ಭಾಷೆಗಳಲ್ಲೂ ಸುದ್ದಿಯಾಯಿತು. ನಡುವಿನ ವರ್ಷಗಳ ರಾತ್ರಿಗಳಿಗೆ ಬಣ್ಣವೂ ಇಲ್ಲ, ಸದ್ದೂ ಇಲ್ಲ. ಮೂಗು ಮುಚ್ಚಿ ಮಲಗಿದವರನ್ನು ಕ್ಯಾಮೆರಾದಲ್ಲಿ ಹೇಗೆ ತೋರಿಸುವುದು?

ಅಗ್ಗದ ಅನಿಲ ಸೆನ್ಸರ್ ಒಂದಿದೆ, ಎಂಕ್ಯೂ 135 ಅಂತ. ಅದನ್ನೂ ಹಾಕಿ ನೋಡಿದೆ. ಕೆಟ್ಟ ಗಾಳಿಗೆ ಅಂಕಿ ಏರುತ್ತದೆ ನಿಜ, ಆದರೆ ಫಿನಾಯಿಲಿಗೂ ಏರುತ್ತದೆ, ಅಗರಬತ್ತಿಗೂ ಏರುತ್ತದೆ, ಇಂಗಿನ ಒಗ್ಗರಣೆಗಂತೂ ಹುಚ್ಚು ಹಿಡಿದ ಹಾಗೆ ಕುಣಿಯುತ್ತದೆ. ಯಾವುದಕ್ಕೆ ಕುಣಿದೆ ಎಂದು ಕೇಳಿದರೆ ಉತ್ತರ ಇಲ್ಲ. ರಾತ್ರಿ ಒಂಬತ್ತರ ಆ್ಯಂಕರನ್ನೇ ತಂದು ಡಬ್ಬಿಯಲ್ಲಿ ಕೂರಿಸಿದ ಹಾಗಾಯಿತು. ತೆಗೆದುಹಾಕಿದೆ. ಒಂದೊಂದೇ ಅನಿಲವನ್ನು ಗುರುತಿಸುವ ಸೆಲ್‌ಗಳು ಸಿಗುತ್ತವೆ, ಬೆಲೆ ಕೇಳಿದರೆ ನಿಜವಾಗಿ ಬಿಪಿ ಏರುತ್ತದೆ.

ಧಾರವಾಡದ ಕಡೆಯ ನಮ್ಮ ಮೇಲ್ಮಹಡಿಯವರು ದಿನಾ ಬೆಳಿಗ್ಗೆ ವಾಕಿಂಗಿಗೆ ಹೋಗುವ ಮೊದಲು ಬಾಗಿಲಲ್ಲಿ ನಿಂತು ಕೇಳುತ್ತಾರೆ: "ಏನ್ರೀ ಸಾಹೇಬ್ರ, ಇವತ್ತ ನಿಮ್ಮ ಡಬ್ಬಿ ಏನಂತೈತ್ರಿ? ಹೊರಗ ಹೋಗ್ಲೋ ಬ್ಯಾಡೋ?" ಅವರಿಗೆ ದಮ್ಮು. ಅವರೇ ಒಂದು ದಿನ ಕೇಳಿದ್ದು ನನ್ನನ್ನು ಹಿಡಿದು ನಿಲ್ಲಿಸಿತು: "ಎಲ್ಲಾ ಬರದ್ ಇಟ್ಟೀರಿ, ಗ್ರಾಫೂ ತಗದೀರಿ. ಯಾರಿಗೆ ತೋರಸ್ತೀರಿ?"

ಬಿಪಿಯ ಪುಸ್ತಕಕ್ಕೆ ವಿಳಾಸವಿದೆ, ಡಾಕ್ಟರ ಮೇಜು. ಅಲ್ಲಿ ಒಬ್ಬರು ಕನ್ನಡಕ ಹಾಕಿಕೊಂಡು ಸಾಲು ಸಾಲಾಗಿ ಓದುತ್ತಾರೆ, ಕೇಳುತ್ತಾರೆ, ಮಾತ್ರೆ ಬದಲಿಸುತ್ತಾರೆ. ಗಾಳಿಯ ಪುಸ್ತಕವನ್ನು ಎಲ್ಲಿಗೆ ಒಯ್ಯುವುದು? ಕಲ್ಯಾಣ-ಡೊಂಬಿವಲಿ ಪಾಲಿಕೆಗೆ 2015ರಲ್ಲಿ ಚುನಾವಣೆ ಆಗಿತ್ತು. 2020ರ ನವೆಂಬರಿಗೆ ಅವಧಿ ಮುಗಿಯಿತು. ಆಮೇಲೆ ಕೊರೋನಾ, ಮೀಸಲಾತಿಯ ಖಟ್ಲೆ, ಪ್ರಭಾಗಗಳ, ಅಂದರೆ ವಾರ್ಡುಗಳ, ಗಡಿಯ ತಕರಾರು, ಒಂದಾದ ಮೇಲೊಂದು. ಐದು ವರ್ಷ ನಮಗೆ ನಗರಸೇವಕರೇ, ಅಂದರೆ ಕಾರ್ಪೊರೇಟರ್‌ಗಳೇ, ಇರಲಿಲ್ಲ, ಆಡಳಿತಾಧಿಕಾರಿ ಮಾತ್ರ. ಆ ಐದು ವರ್ಷದಲ್ಲಿ ಟಿವಿ ನನಗೆ ಯಾವ ರಾಜಕೀಯ ಬಡಿಸಲಿಲ್ಲ ಹೇಳಿ! ಶಿವಸೇನೆ ಎರಡಾಯಿತು, ರಾಷ್ಟ್ರವಾದಿ ಕಾಂಗ್ರೆಸ್ ಎರಡಾಯಿತು, ಶಾಸಕರು ಸೂರತ್‌ನಿಂದ ಗುವಾಹಟಿಗೆ, ಅಲ್ಲಿಂದ ಗೋವಾಕ್ಕೆ ಹಾರಿದರು, ಯಾವ ಹೋಟೆಲಿನಲ್ಲಿ ಇಳಿದರು ಎಂಬುದೂ ಗೊತ್ತಾಯಿತು. ನಮ್ಮ ಓಣಿಯ ಗಟಾರಕ್ಕೆ ಯಾರು ಜವಾಬ್ದಾರಿ ಎಂಬುದೊಂದು ಗೊತ್ತಾಗಲಿಲ್ಲ.

ಮುಂಬಯಿ ಕನ್ನಡಿಗರು ಕೂತಲ್ಲೆಲ್ಲ ಜಾರ್ಜ್ ಫರ್ನಾಂಡಿಸರ ಹೆಸರು ಬರುತ್ತದೆ. ಮಂಗಳೂರಿನ ಹುಡುಗ 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಎಸ್.ಕೆ. ಪಾಟೀಲರಂಥವರನ್ನು ಸೋಲಿಸಿದ ಕಥೆಯನ್ನು ಹೇಳದ ಹಿರಿಯರಿಲ್ಲ. ಅದಕ್ಕೂ ಮುಂಚೆ 1961ರಲ್ಲೇ ಅವರು ಮುಂಬಯಿ ಪಾಲಿಕೆಗೆ ಆರಿಸಿ ಬಂದಿದ್ದರು ಎಂಬುದನ್ನು ಯಾರೂ ಹೇಳುವುದಿಲ್ಲ. ಸೋತ ಪಾಟೀಲರೂ ಒಂದು ಕಾಲಕ್ಕೆ ಇದೇ ಮುಂಬಯಿಯ ಮೇಯರ್ ಆಗಿದ್ದವರು. ಇಬ್ಬರೂ ನಲ್ಲಿ, ಗಟಾರ, ಕಸದ ಮಾತು ಕೇಳಿಸಿಕೊಂಡೇ ದಿಲ್ಲಿಗೆ ಹೋದವರು. ನನಗೆ ಆ 1967ರ ಗೆಲುವಿಗಿಂತ 1961ರದ್ದೇ ಹೆಚ್ಚು ಮುಖ್ಯ ಅನ್ನಿಸುತ್ತದೆ. ಸಂಘದ ಜಗಲಿಯಲ್ಲಿ ಇದನ್ನು ಹೇಳಿದರೆ ಜಗಳ.

ಅಂತೂ 2026ರ ಜನವರಿ 15ಕ್ಕೆ ಮತದಾನವಾಯಿತು. ಪ್ರಚಾರದ ವೇಳೆ ಎಲ್ಲ ಪಕ್ಷದವರೂ ಮೆಟ್ಟಿಲು ಹತ್ತಿ ಬಂದರು. ಬಂದವರಿಗೆಲ್ಲ ಗ್ರಾಫ್ ತೋರಿಸಿದೆ. ಒಬ್ಬರು ಕೈಮುಗಿದರು, ಒಬ್ಬರು ಅದರ ಫೋಟೋ ತೆಗೆದುಕೊಳ್ಳುವ ಬದಲು ಅದರ ಮುಂದೆ ನಿಂತು ತಮ್ಮ ಫೋಟೋ ತೆಗೆಸಿಕೊಂಡರು. ಎಂಐಡಿಸಿ ಪಾಲಿಕೆಯ ಕೈಯಲ್ಲಿಲ್ಲ ಕಾಕಾ, ಹೊಗೆ, ವಾಸನೆ ಎಲ್ಲ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಗೆ ಸೇರಿದ್ದು ಎಂದು ಒಬ್ಬ ಹುಡುಗ ಮಾತ್ರ ಸರಿಯಾಗಿ ಹೇಳಿದ. 1981ರ ವಾಯು ಕಾಯ್ದೆಯ ಪ್ರಕಾರ ಅದು ನಿಜವೇ. ಗೆದ್ದ ಪಕ್ಷದ ಕಾರ್ಯಕರ್ತ ಅವನು.

ಚುನಾವಣೆ ಮುಗಿದ ಮೇಲೆ ಅವನು ಮತ್ತೆ ಬಂದ, ಒಬ್ಬನೇ. ಈಗ ಪ್ರಭಾಗಕ್ಕೆ ನಾಲ್ವರು ನಗರಸೇವಕರು. ಯಾರ ಬಳಿ ಹೋದರೂ ಉಳಿದ ಮೂವರ ಕಡೆ ಕೈ ತೋರಿಸುತ್ತಾರೆ ಎಂದು ಮೇಲ್ಮಹಡಿಯವರು ಆಗಲೇ ಹೇಳಿದ್ದರಿಂದ, ನಾನೂ ಅರ್ಜಿ ಬರೆದಿಟ್ಟುಕೊಂಡಿದ್ದೆ, ಹೆಸರಿನ ಜಾಗ ಖಾಲಿ ಬಿಟ್ಟು. ಅವನು ಅರ್ಜಿ ಓದಿದ, ಮಡಚಿ ಜೇಬಿಗೆ ಹಾಕಿದ. ಆಮೇಲೆ ಡಬ್ಬಿಯ ಹತ್ತಿರ ಹೋಗಿ ಬಗ್ಗಿ ನೋಡಿ, ಇದಕ್ಕೆ ಎಷ್ಟು ಖರ್ಚಾಗುತ್ತದೆ, ತಾಯಿಗೆ ರಾತ್ರಿ ಕೆಮ್ಮು ಜಾಸ್ತಿ, ನಮ್ಮ ಮನೆಗೂ ಒಂದು ಮಾಡಿಕೊಡುತ್ತೀರಾ ಎಂದು ಕೇಳಿದ. ಇದರಲ್ಲಿ ವಾಸನೆ ಸಿಗುವುದಿಲ್ಲ ಎಂದು ವಿವರಿಸಿದೆ. ಸಿಗುವಂಥದ್ದನ್ನೇ ಹಾಕಿ ಎಂದ. ಕೊಳೆತ ಮೊಟ್ಟೆಯ ವಾಸನೆಯ ಅನಿಲ ಹೈಡ್ರೋಜನ್ ಸಲ್ಫೈಡ್ ಹಿಡಿಯುವ ಸೆಲ್ಲಿನ ಬೆಲೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಕೊಡುತ್ತೇನೆ ಎಂದ.

ಭಾನುವಾರ ಲ್ಯಾಮಿಂಗ್ಟನ್ ರೋಡ್ ಬಂದ್, ಶನಿವಾರವೇ ಹೋಗಬೇಕು. ಅವನ ಮನೆ ಎಂಐಡಿಸಿಯ ಕಾಂಪೌಂಡಿಗೆ ನಮ್ಮದಕ್ಕಿಂತ ಎಷ್ಟೋ ಹತ್ತಿರ. ನಗರಸೇವಕರೊಬ್ಬರು ಅವನ ಸೋದರಮಾವ.